2 ವರ್ಷ, 3 ತಿಂಗಳು, 11 ದಿನ

ಕೆಲಸದ ಮೇಲೆ ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ಗೆ ಬಂದವನು ನಾನು. ಊರು ದಾಟಿದರೆ ಬರೀ ಮೆಕ್ಕೆಜೋಳ. ನಡುವೆ ಅಲ್ಲಲ್ಲಿ ಬೇಲಿ, ನಾಲ್ಕು ಹಳೇ ಮರ, ವಾಲಿದ ಬಿಳಿ ಕಲ್ಲುಗಳು. ಕಿಕಾಪೂ ಎಂಬ ಮೂಲನಿವಾಸಿ ಜನರಿದ್ದ ಈ ಬಯಲಿಗೆ ಆಮೇಲೆ ಬೇಸಾಯಕ್ಕೆ ಬಂದ ಕುಟುಂಬಗಳ ಸ್ಮಶಾನಗಳು ಇವು. ಕಮ್ಮಾರ ಜಾನ್ ಡೀರ್ 1837ರಲ್ಲಿ ಉಕ್ಕಿನ ನೇಗಿಲು ಮಾಡಿದ ಮೇಲೆ ಬಯಲೆಲ್ಲ ಹೊಲವಾಯಿತು. ಸ್ಮಶಾನವನ್ನು ಮಾತ್ರ ಯಾರೂ ಉಳಲಿಲ್ಲ. ಇದೇ ಕೌಂಟಿಯ ವೆಸ್ಟನ್ ಸ್ಮಶಾನದಲ್ಲಿ ಸುಮಾರು 5 ಎಕರೆ ಮೂಲ ಹುಲ್ಲುಗಾವಲು ಉಳಿದಿರುವುದು ಹಾಗೇ.

ಅನುಮತಿ ಪಡೆದು ಅಂಥದ್ದೇ ಒಂದು ಸಣ್ಣ ಸ್ಮಶಾನದಲ್ಲಿ ಕಲ್ಲು ತೊಳೆಯಲು ಶುರು ಮಾಡಿದೆ. ಮೊದಲು ಬೆರಳಿನಿಂದ ಸವರಿ ನೋಡಬೇಕು. ಅಮೃತಶಿಲೆ ಸಕ್ಕರೆ ಹರಳಿನ ಹಾಗೆ ಉದುರಿದರೆ ಫೋಟೊ ತೆಗೆದು ಸುಮ್ನೆ ಬಿಟ್ಟುಬಿಡಬೇಕು. ಗಟ್ಟಿಯಿದ್ದರೆ ಧಾರಾಳ ನೀರು, ಮೆತ್ತನೆಯ ಬ್ರಷ್, ಪಾಚಿ ತೆಗೆಯುವ ಡಿ/2 ಅನ್ನುವ ದ್ರಾವಣ. ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು, ಇಲ್ಲದಿದ್ದರೆ ಕೊಳೆನೀರು ಇಳಿದು ಗೆರೆ ಬೀಳುತ್ತದೆ. ಬ್ಲೀಚ್, ತಂತಿ ಬ್ರಷ್ ಬೇಡವೇ ಬೇಡ. ಅಕ್ಷರ ಕಾಣಲಿ ಅಂತ ಶೇವಿಂಗ್ ಕ್ರೀಮ್ ಬಳಿಯುವವರನ್ನು ಕಂಡರೆ ಸಂಕಟವಾಗುತ್ತದೆ. ಅದಕ್ಕೆ ಒಂದು ಕನ್ನಡಿ ಸಾಕು. ಬಿಸಿಲನ್ನು ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಹಾಗೆ ಓದಿದ್ದು ಮೊಣಕಾಲೆತ್ತರದ ಒಂದು ಕಲ್ಲು. ನೆತ್ತಿಯ ಮೇಲೆ ಮಲಗಿದ ಕುರಿಮರಿ, ಮಕ್ಕಳ ಗೋರಿಯ ಗುರುತು. ಅದರ ಮುಖ ಪಾಚಿಯಲ್ಲಿ ಮುಚ್ಚಿಹೋಗಿತ್ತು. ಕೆಳಗೆ ತೀರಿಕೊಂಡ ದಿನ, ಆಮೇಲೆ ವಯಸ್ಸು: 2 ವರ್ಷ, 3 ತಿಂಗಳು, 11 ದಿನ. ಹುಟ್ಟಿದ ದಿನವನ್ನು ಆಗ ಕೆತ್ತಿಸುತ್ತಿದ್ದುದು ಕಡಿಮೆ. ಬದುಕಿದ್ದಷ್ಟನ್ನು ಮಾತ್ರ ದಿನ ಬಿಡದೆ ಎಣಿಸಿ ಬರೆಸಿದ್ದಾರೆ.

ನಾನೂ ಹಿಂದಕ್ಕೆ ಎಣಿಸಿದೆ. ಹುಟ್ಟು, ಸಾವು ಎರಡೂ 1850 ಮತ್ತು 1860ರ ಜನಗಣತಿಗಳ ನಡುವೆ ಬಂದವು. ಜನನ, ಮರಣ ದಾಖಲಿಸುವ ಕೆಲಸ ಇಲ್ಲಿ ಕಡ್ಡಾಯವಾದದ್ದು 1877ರ ಕಾನೂನಿನಿಂದ. 1860ರ ಗಣತಿಯಲ್ಲಿ ಅಪ್ಪ ಅಮ್ಮನ ಹೆಸರಿದೆ, ಬೇರೆ ಮಕ್ಕಳ ಹೆಸರೂ ಇದೆ. ಈ ಮಗುವಿನದು ನಾನು ಹುಡುಕಿದ ಯಾವ ಕಾಗದದಲ್ಲೂ ಸಿಗಲಿಲ್ಲ. ಇದ್ದದ್ದು ಈ ಕಲ್ಲು ಒಂದೇ. ಅವತ್ತು ರಾತ್ರಿಯೇ ಕಲ್ಲಿನ ಫೋಟೊ, ಬರಹ ಎರಡನ್ನೂ ಗೋರಿಗಳ ವಿವರ ಕೂಡಿಡುವ ಫೈಂಡ್ ಎ ಗ್ರೇವ್ ಜಾಲತಾಣಕ್ಕೆ ಹಾಕಿದೆ.

ಡಿ/2 ಹಾಕಿದ ಕಲ್ಲು ವಾರಗಟ್ಟಲೆ ನಿಧಾನಕ್ಕೆ ಬೆಳ್ಳಗಾಗುತ್ತಾ ಹೋಗುತ್ತದೆ. ಮೂರು ತಿಂಗಳ ಮೇಲೆ ಹೋದಾಗ ಕುರಿಮರಿಯ ಕಿವಿಗಳು ದಾರಿಯಿಂದಲೇ ಕಾಣುತ್ತಿದ್ದವು.