ಮೊದಲು ಬೆವರದೆ ಕೆಲಸ ಮಾಡೋದು ಕಲಿ: ಯೂಕಾನ್ ಕಾಡಿಗೆ ಹೊರಟವರಿಗೆ

ತಮ್ಮನ ಮಗ ಸೆಪ್ಟೆಂಬರಿಗೆ ನಾನಿರುವ ಕೆನಡಾದ ಯೂಕಾನ್‌ಗೆ, ಅಲ್ಲಿನ ರಾಜಧಾನಿ ವೈಟ್‌ಹಾರ್ಸ್‌ಗೆ ಓದಲು ಬರುತ್ತಾನೆ. ಸಂಕ್ರಾಂತಿಗೆ ಅಂತ ನಾನು ಬಂಗಾರಪೇಟೆ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಜಗಲಿ ಮೇಲೆ ಕೂತು ಅವರೆಕಾಳು ಹಿತಕುತ್ತಿದ್ದಾಗ ಪಕ್ಕಕ್ಕೆ ಬಂದು ಕೇಳಿದ, "ಅತ್ತೆ, ಅಲ್ಲಿಗೆ ಎಷ್ಟು ದಪ್ಪದ ಜಾಕೆಟ್ ತಗೋಬೇಕು?"

ಎಲ್ಲರೂ ಕೇಳೋದು ಇದನ್ನೇ. "ಜಾಕೆಟ್ ಆಮೇಲೆ ನೋಡೋಣ. ಮೊದಲು ಬೆವರದೆ ಕೆಲಸ ಮಾಡೋದು ಕಲಿ" ಎಂದೆ. ಅವನು ನಕ್ಕ. ಅವನಿಗೆ ಆವತ್ತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಮ್ಮ ಕಡೆಯಿಂದ ಹೊರಡುವ ಬೇರೆಯವರಿಗೂ ಬೇಕಾಗಬಹುದು.

ಯೂಕಾನ್ ಇರುವುದು ಕೆನಡಾದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾದ ಪಕ್ಕಕ್ಕೆ. ಕರ್ನಾಟಕದ ಎರಡೂವರೆ ಪಟ್ಟು ದೊಡ್ಡದು. ಜನ ಮಾತ್ರ 50,000 ಕೂಡ ಇಲ್ಲ, ಅದರಲ್ಲೂ ಮುಕ್ಕಾಲು ಪಾಲು ವೈಟ್‌ಹಾರ್ಸ್‌ನಲ್ಲೇ. ಊರು ದಾಟಿದರೆ ಮೊಬೈಲ್ ಸಿಗ್ನಲ್ ಹೋಯಿತು ಅಂತಲೇ ಲೆಕ್ಕ. ಆಮೇಲೆ ಸ್ಪ್ರೂಸ್ ಮರ, ನದಿ, ಬೆಟ್ಟ, ಅಷ್ಟೇ. ಅಲ್ಲಿನ ಸ್ನ್ಯಾಗ್ ಎಂಬ ಜಾಗದಲ್ಲಿ 1947ರ ಫೆಬ್ರವರಿ 3ರಂದು ಮೈನಸ್ 63 ಡಿಗ್ರಿ ದಾಖಲಾಗಿತ್ತು. ನಾನು ಕಂಡಿರುವುದು ಮೈನಸ್ 44. ನನಗೆ ಅದೇ ಸಾಕು.

ಈಗ ಬೆವರಿನ ವಿಷಯ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಮೂರು ಕಿಲೋಮೀಟರಿಗೂ ಆಳದ ಗಣಿ, ಕೆಳಗೆ ಬಂಡೆಯೇ ಬಿಸಿ. ಪಾಳಿ ಮುಗಿಸಿ ಬನಿಯನ್ ಹಿಂಡಿದರೆ ನೀರು ಸುರಿಯುತ್ತಿತ್ತು ಅಂತ ಹೇಳುತ್ತಿದ್ದರು. ಬೆವರು ಹರಿಸಿದವನೇ ಕೆಲಸಗಾರ ಅನ್ನುವುದು ನಮ್ಮ ಮನೆಯ ಲೆಕ್ಕ. ಅದೇ ಲೆಕ್ಕ ಹಿಡಿದು ಮೊದಲ ಚಳಿಗಾಲದಲ್ಲಿ ನಾನೂ ಸೌದೆ ಒಡೆಯಲು ನಿಂತೆ. ಮೈನಸ್ 28. ಒಳಗೆ ಊರಿಂದ ತಂದಿದ್ದ ಹತ್ತಿ ಬನಿಯನ್, ಮೇಲೆ ದಪ್ಪ ಜಾಕೆಟ್. ಇಪ್ಪತ್ತು ನಿಮಿಷ ಜೋರೋ ಜೋರು. ಉಸಿರು ತಗೋಳೋಣ ಅಂತ ಕೊಡಲಿ ಇಳಿಸಿದೆ ನೋಡಿ, ಬೆನ್ನಿಗೆ ಯಾರೋ ಒದ್ದೆ ಗೋಣಿಚೀಲ ಹೊದಿಸಿದ ಹಾಗಾಯಿತು. ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ. ಬೆರಳಿಗೆ ಜಿಪ್ ಹಿಡಿಯಲು ಆಗಲಿಲ್ಲ. ಮನೆ ಬಾಗಿಲು 30 ಅಡಿ ದೂರದಲ್ಲಿತ್ತು, ಒಳಗೆ ಓಡಿದೆ. ಕಾಡಿನೊಳಗೆ ಐದು ಕಿಲೋಮೀಟರ್ ಹೋಗಿದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಆದ್ದರಿಂದ ಹತ್ತಿ ಬಟ್ಟೆ ಊರಲ್ಲೇ ಇರಲಿ. ಮೈಗೆ ತಾಗುವುದು ತೆಳು ಉಣ್ಣೆಯದಾಗಿರಲಿ. ಒದ್ದೆಯಾದರೂ ಉಣ್ಣೆ ಒಂದಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಅದರ ಮೇಲೆ ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಬೆಚ್ಚನೆ ಅಂಗಿ), ಅದರ ಮೇಲೆ ಗಾಳಿ ತಡೆಯುವ ತೆಳು ಕೋಟು. ದಪ್ಪ ಜಾಕೆಟ್ ಚೀಲದಲ್ಲಿರಬೇಕು. ಅದು ನಡೆಯುವಾಗ ಹಾಕುವುದಲ್ಲ, ನಿಂತಾಗ ಹಾಕುವುದು. ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಬೆಚ್ಚಗೆ ಹೊರಟಿರೋ, ಹತ್ತೇ ನಿಮಿಷಕ್ಕೆ ಬೆವರು. ಕತ್ತಿನ ಸುತ್ತ ಬಿಸಿ ಅನಿಸಿದ ಕೂಡಲೇ ಟೋಪಿ ತೆಗೆಯಿರಿ, ಜಿಪ್ ಇಳಿಸಿ. ಬೆವರಿದ ಮೇಲೆ ತೆಗೆದು ಏನೂ ಪ್ರಯೋಜನ ಇಲ್ಲ. ಪಕ್ಕದವರ ಜೊತೆ ಸಲೀಸಾಗಿ ಮಾತಾಡುತ್ತಾ ಹೋಗುವಷ್ಟೇ ವೇಗ ಸಾಕು. ಬೂಟು ಒಂದು ಸೈಜ್ ದೊಡ್ಡದಿರಲಿ, ಬಿಗಿಯಾದರೆ ಕಾಲಿಗೆ ರಕ್ತ ಓಡುವುದಿಲ್ಲ. ಕೈಗೆ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ವಾಸಿ.

ಹೆಂಗಸರಿಗೆ ಇನ್ನೊಂದು ಮಾತು. ಮೂಗುತಿ, ಓಲೆ ತೆಗೆದಿಟ್ಟು ಹೋಗಿ. ನಾನು ತೆಗೆದಿರಲಿಲ್ಲ, ಅಮ್ಮ ಬೈಯುತ್ತಾರೆ ಅಂತ. ಮೈನಸ್ 35ರಲ್ಲಿ ಮೂಗುತಿಯ ಸುತ್ತ ಕಡಲೆಕಾಳಿನಷ್ಟು ಚರ್ಮ ಬೆಳ್ಳಗಾಗಿ, ಮುಟ್ಟಿದರೆ ಗೊತ್ತೇ ಆಗದ ಹಾಗಾಯಿತು. ಪಕ್ಕದ ಮನೆಯವರು (ಪಕ್ಕದ ಮನೆ ಅಂದರೆ ಅಲ್ಲಿ ಎರಡು ಕಿಲೋಮೀಟರ್) ನೋಡಿ, ಉಜ್ಜಬೇಡ ಅಂತ ಕೂಗಿದರು. ಚಳಿ ಕಚ್ಚಿದ ಜಾಗವನ್ನು ಉಜ್ಜಬಾರದು, ಹಿಮ ಹಚ್ಚಬಾರದು, ಬೆಂಕಿಗೂ ಒಡ್ಡಬಾರದು. ಬೆಚ್ಚಗಿನ ಅಂಗೈ ಒತ್ತಿಟ್ಟುಕೊಳ್ಳಿ. ಗಟ್ಟಿಯಾಗಿಬಿಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಈಗ ನನ್ನ ಮೂಗುತಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಡಬ್ಬಿಯಲ್ಲಿ.

ನೀರಿನ ಪಾಠ ಮಾತ್ರ ಕೋಲಾರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನದು ಊರಾಚೆಯ ಮರದ ಮನೆ, ನಲ್ಲಿ ಇಲ್ಲ. 20 ಲೀಟರ್ ಕ್ಯಾನುಗಳಲ್ಲಿ ಪಟ್ಟಣದಿಂದ ನೀರು ತರುತ್ತೇನೆ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ನೆನೆಸುವುದು, ಮುಖ ತೊಳೆದದ್ದನ್ನು ನೆಲ ಒರೆಸಲು ಇಡುವುದು, ಇದೆಲ್ಲ ನಾವು ಟ್ಯಾಂಕರ್ ಕಾಯುತ್ತಾ ಕಲಿತದ್ದೇ ಅಲ್ವಾ? ಕಾಡಲ್ಲಿ ಹಿಮ ಕರಗಿಸುವುದಾದರೆ ಮೊದಲು ಪಾತ್ರೆಯ ತಳಕ್ಕೆ ಒಂದು ಲೋಟ ನೀರು ಹಾಕಿ, ಆಮೇಲೆ ಹಿಮ ಸ್ವಲ್ಪ ಸ್ವಲ್ಪವಾಗಿ. ಬರೀ ಹಿಮ ತುಂಬಿ ಒಲೆಗಿಟ್ಟರೆ ತಳ ಸೀಯುತ್ತದೆ, ನೀರೆಲ್ಲ ಸೀದ ವಾಸನೆ. ನೀರಿನ ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ. ನೀರು ಹೆಪ್ಪುಗಟ್ಟುವುದು ಮೇಲಿನಿಂದ. ಹಾಗಿಟ್ಟರೆ ಮುಚ್ಚಳದ ಕಡೆ ನೀರು ನೀರಾಗೇ ಉಳಿದಿರುತ್ತದೆ.

ದಾರಿಯ ಊಟಕ್ಕೆ ಅಂಗಡಿಯ ಎನರ್ಜಿ ಬಾರ್ ನಂಬಬೇಡಿ, ಕಲ್ಲಾಗಿ ಹಲ್ಲು ಮುರಿಯುತ್ತದೆ. ನಾನು ಒಯ್ಯುವುದು ರಾಗಿ ಹುರಿಹಿಟ್ಟು. ಬೆಲ್ಲದ ಪುಡಿ ಮೊದಲೇ ಬೆರೆಸಿ ಪೊಟ್ಟಣ ಕಟ್ಟಿರುತ್ತೇನೆ. ಫ್ಲಾಸ್ಕಿನ ಬಿಸಿನೀರು, ಎರಡು ಚಮಚ ತುಪ್ಪ ಹಾಕಿ ಕಲಸಿದರೆ ಮುಗಿಯಿತು. ಮಲಗುವ ಮುಂಚೆ ಒಂದು ಉಂಡೆ ತಿಂದರೆ ರಾತ್ರಿ ಮೈ ಬೆಚ್ಚಗಿರುತ್ತದೆ. ವಿಮಾನ ಇಳಿದಾಗ ಕಸ್ಟಮ್ಸ್‌ನವರಿಗೆ ಹಿಟ್ಟಿನ ವಿಷಯ ಹೇಳಿಬಿಡಿ, ಮುಚ್ಚಿಡಬೇಡಿ.

ಎರಡು ದಿನದ ದಾರಿಗೆ ನಾಲ್ಕು ದಿನದ ಊಟ ಇರಲಿ. ಇದು ಹಳೇ ಬುದ್ಧಿ. 1896ರಲ್ಲಿ ಯೂಕಾನ್‌ನ ಕ್ಲಾಂಡೈಕ್ ಕಡೆ ಚಿನ್ನ ಸಿಕ್ಕಿತು, ಮರುವರ್ಷ ಸುದ್ದಿ ಹಬ್ಬಿ ಸಾವಿರಾರು ಜನ ನುಗ್ಗಿದರು. ವರ್ಷಕ್ಕಾಗುವಷ್ಟು ಸಾಮಾನು ಇಲ್ಲದವರನ್ನು ಕೆನಡಾ ಪೊಲೀಸರು ಅಲಾಸ್ಕಾ ಗಡಿಯ ಚಿಲ್ಕೂಟ್ ಕಣಿವೆದಾರಿಯಲ್ಲೇ ತಡೆದರು. ಅದು ಹೆಚ್ಚುಕಡಿಮೆ ಒಂದು ಟನ್ ತೂಕ. ಜನ ಅದನ್ನು ಬೆನ್ನ ಮೇಲೆ ಹೊತ್ತು, ಮತ್ತೆ ಮತ್ತೆ ಹತ್ತಿ ಇಳಿದು ಸಾಗಿಸಿದರು. ಆ ಹೊತ್ತಿಗೆ ನಮ್ಮ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಆಗಲೇ ಚಿನ್ನ ತೆಗೆಯುತ್ತಿತ್ತು. ನಮ್ಮ ಚಿನ್ನ ಬಂಡೆಯೊಳಗೆ, ಅವರದು ತೊರೆಯ ಮರಳಲ್ಲಿ. ಆದರೆ ಅಲ್ಲಿ ನೆಲವೇ ಹೆಪ್ಪುಗಟ್ಟಿರುವುದರಿಂದ ಬೆಂಕಿ ಹಾಕಿ ಕರಗಿಸಿಕೊಂಡು ಅಗೆಯಬೇಕಿತ್ತು. ತಾತ ಬದುಕಿದ್ದಿದ್ದರೆ ಇದನ್ನು ಕೇಳಿ ನಗುತ್ತಿದ್ದರು.

ಉಳಿದದ್ದು ಬೇಗ ಹೇಳುತ್ತೇನೆ. ಸೌದೆ ಒಲೆ ಇರುವ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲದ ಅಲಾರಂ ಬೇಕೇ ಬೇಕು. ಹಸಿ ಸೌದೆ ಉರಿಸಿದರೆ ಹೊಗೆಕೊಳವೆಯಲ್ಲಿ ಜಿಗುಟು ಕಟ್ಟಿ ಅದಕ್ಕೇ ಬೆಂಕಿ ಹತ್ತುತ್ತದೆ. ಹೆಪ್ಪುಗಟ್ಟಿದ ಕೆರೆ ಮೇಲೆ ನಡೆಯಲು ಕನಿಷ್ಠ 15 ಸೆಂಟಿಮೀಟರ್ ಗಟ್ಟಿ ಐಸ್ ಇರಬೇಕು. ನದಿಯಲ್ಲಿ ಕೆಳಗೆ ನೀರು ಓಡುತ್ತಿರುತ್ತದೆ, ಸ್ಥಳೀಯರನ್ನು ಕೇಳದೆ ಕಾಲಿಡಬೇಡಿ. ಅಲ್ಲಿನ ಕಾರುಗಳ ಮೂತಿಯಿಂದ ಒಂದು ಪ್ಲಗ್ ನೇತಾಡುತ್ತಿರುತ್ತದೆ. ರಾತ್ರಿ ಅದನ್ನು ಕರೆಂಟಿಗೆ ಸಿಕ್ಕಿಸಿ ಇಂಜಿನ್ ಬೆಚ್ಚಗಿಟ್ಟರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ. ಬೇಸಿಗೆಯಲ್ಲಿ ಕರಡಿ: ಅದನ್ನು ಓಡಿಸುವ ಖಾರದ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ. ಅಡುಗೆ ಟೆಂಟಿನಿಂದ ದೂರದಲ್ಲಿ. ಎದುರಾದರೆ ಓಡಬೇಡಿ. ಸೊಳ್ಳೆಯ ವಿಷಯ ಹೇಳುವುದೇ ಬೇಡ, ಕೆರೆ ಪಕ್ಕದ ನಮ್ಮೂರಿನವೂ ನಾಚಬೇಕು.

ಕಾಡಿಗೆ ಹೋಗುವ ಮುಂಚೆ ಎಲ್ಲಿಗೆ, ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಚೀಟಿ ಬರೆದು ಒಬ್ಬರ ಕೈಗೆ ಕೊಡಿ. ಡಿಸೆಂಬರ್ ಕೊನೆಗೆ ವೈಟ್‌ಹಾರ್ಸ್‌ನಲ್ಲಿ ಹಗಲು ಐದೂವರೆ ಗಂಟೆ ಅಷ್ಟೇ, ಅದಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿ. ಫೋನ್ ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಸಾಯುತ್ತದೆ. ಸಿಗ್ನಲ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಒಂದು ಕೊಂಡುಕೊಳ್ಳಿ, ದುಡ್ಡು ಜಾಸ್ತಿಯಾದರೂ. ಆದರೆ ಊರಿಗೆ ಬರುವಾಗ ಅದನ್ನು ಅಲ್ಲೇ ಬಿಟ್ಟು ಬನ್ನಿ. ನಮ್ಮ ದೇಶಕ್ಕೆ ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸುತ್ತಾರೆ.