ಬೇಸ್‌ಬಾಲ್ ತಂಡಕ್ಕೆ ಹೊಸ ಮ್ಯಾನೇಜರ್ ಹುಡುಕುವುದು ಹೇಗೆ?

ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ಆಫೀಸಿನಲ್ಲಿ ಕೂತು ಲೆಕ್ಕಪತ್ರ ನೋಡುವವರಲ್ಲ. ಕ್ರಿಕೆಟ್‌ನಲ್ಲಿ ಕೋಚ್ ಮಾಡುವ ಕೆಲಸಕ್ಕೆ ಕ್ಯಾಪ್ಟನ್ ಮೈದಾನದಲ್ಲಿ ಮಾಡುವ ಅರ್ಧ ಕೆಲಸ ಸೇರಿಸಿ, ಅದೇ ಈ ಹುದ್ದೆ. ಇವತ್ತು ಯಾರು ಆಡಬೇಕು, ಯಾರ ನಂತರ ಯಾರು ಬ್ಯಾಟ್ ಹಿಡಿಯಬೇಕು, ಚೆಂಡು ಎಸೆಯುತ್ತಿರುವ ಪಿಚರ್‌ನನ್ನು ಯಾವಾಗ ಬದಲಿಸಬೇಕು, ಎಲ್ಲ ಇವರೇ ಹೇಳುವುದು. ಆಟಗಾರರನ್ನು ಕೊಳ್ಳುವುದು, ಬಿಡುವುದು ಜನರಲ್ ಮ್ಯಾನೇಜರ್ ಕೆಲಸ, ಅದು ಬೇರೆ.

ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದು ಸೀಸನ್‌ಗೆ ಒಂದು ತಂಡ 162 ಪಂದ್ಯ ಆಡುತ್ತದೆ, ಅಂದರೆ ಆರು ತಿಂಗಳು ಹೆಚ್ಚುಕಡಿಮೆ ದಿನಾ ಆಟ. ಚೆನ್ನಾಗಿ ಆಡುವ ತಂಡವೂ ಅರವತ್ತು ಎಪ್ಪತ್ತು ಸಲ ಸೋಲುತ್ತದೆ. ಹಾಗಾಗಿ ನೀವು ಹುಡುಕಬೇಕಾದ್ದು ಸೋತ ರಾತ್ರಿ ಮಲಗಿ ಎದ್ದು, ಮರುದಿನ ಮಧ್ಯಾಹ್ನ 26 ಆಟಗಾರರ ಮುಂದೆ ಅದೇ ಮುಖ ಇಟ್ಟುಕೊಂಡು ನಿಲ್ಲಬಲ್ಲವರನ್ನು. ದೊಡ್ಡ ಹೆಸರು ಇದ್ದರೆ ಒಳ್ಳೆಯದೇ, ಆದರೆ ಅದು ಆಮೇಲಿನ ಮಾತು.

ಮೊದಲು: ನಿಮ್ಮ ತಂಡಕ್ಕೆ ಏನು ಬೇಕು?

ಹಳೆಯ ಮ್ಯಾನೇಜರ್ ಯಾಕೆ ಹೋದರು ಅನ್ನುವುದರಿಂದ ಶುರು ಮಾಡಿ. ಹುಡುಗರೇ ತುಂಬಿದ, ಸೋಲುತ್ತಿರುವ ತಂಡವಾದರೆ ಕಲಿಸುವವರು ಬೇಕು. ಗೆಲ್ಲುತ್ತಿರುವ ತಂಡವಾದರೆ ಸುಮ್ನೆ ಎಲ್ಲವನ್ನೂ ಕಲಕಬೇಡಿ.

ಮಿಲ್ವಾಕೀ ಬ್ರೂವರ್ಸ್ ಮಾಡಿದ್ದನ್ನು ನೋಡಿ. 2023ರ ನವೆಂಬರ್‌ನಲ್ಲಿ ಅವರ ಮ್ಯಾನೇಜರ್ ಕ್ರೇಗ್ ಕೌನ್ಸೆಲ್, ಪಕ್ಕದ ಊರಿನ ಎದುರಾಳಿ ಶಿಕಾಗೋ ಕಬ್ಸ್‌ಗೆ ಹೋದರು. 5 ವರ್ಷಕ್ಕೆ 4 ಕೋಟಿ ಡಾಲರ್, ಮ್ಯಾನೇಜರ್ ಒಬ್ಬರಿಗೆ ಅಲ್ಲಿಯವರೆಗೆ ಯಾರೂ ಕೊಡದಷ್ಟು ಹಣ. ಮಿಲ್ವಾಕೀಯಲ್ಲೇ ಬೆಳೆದ ಹುಡುಗ ಹೀಗೆ ಹೋದಾಗ ಊರಿಗೆ ನೋವಾಗದೆ ಇರುತ್ತದಾ? ಬ್ರೂವರ್ಸ್ ಮಾತ್ರ ಹೊರಗೆ ಹುಡುಕಲು ಹೋಗಲಿಲ್ಲ. ಕೌನ್ಸೆಲ್ ಪಕ್ಕದಲ್ಲೇ ಬೆಂಚ್ ಕೋಚ್ ಆಗಿ ಕೂರುತ್ತಿದ್ದ ಪ್ಯಾಟ್ ಮರ್ಫಿ ಅವರನ್ನೇ ಆ ಜಾಗಕ್ಕೆ ತಂದರು. ಹಿಂದೆ ನಾಟರ್ ಡೇಮ್ ಕಾಲೇಜಿನಲ್ಲಿ ಕೌನ್ಸೆಲ್‌ಗೆ ಆಟ ಕಲಿಸಿದ ಗುರು ಇವರೇ. ಮರು ವರ್ಷ ತಂಡ 93 ಪಂದ್ಯ ಗೆದ್ದು ತನ್ನ ಗುಂಪಿನಲ್ಲಿ ಮೊದಲು ಬಂತು, ಮರ್ಫಿಗೆ ನ್ಯಾಷನಲ್ ಲೀಗ್‌ನ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು (ಮೇಜರ್ ಲೀಗ್‌ನೊಳಗೆ ನ್ಯಾಷನಲ್, ಅಮೆರಿಕನ್ ಅಂತ ಎರಡು ಲೀಗ್‌ಗಳಿವೆ, ಎರಡಕ್ಕೂ ಬೇರೆ ಬೇರೆ ಪ್ರಶಸ್ತಿ). 2025ರಲ್ಲಿ ಮತ್ತೆ ಅದೇ ಪ್ರಶಸ್ತಿ.

ಪಟ್ಟಿ ಮಾಡಿ

ಬೆಂಚ್ ಕೋಚ್‌ಗಳು, ಹಳೆಯ ಮ್ಯಾನೇಜರ್‌ಗಳು ಎಲ್ಲರ ಪಟ್ಟಿಯಲ್ಲೂ ಇರುತ್ತಾರೆ. ಬೇರೆ ತಂಡದಲ್ಲಿ ಒಪ್ಪಂದ ಇರುವವರಾದರೆ ಆ ತಂಡದ ಅನುಮತಿ ಕೇಳಿಯೇ ಮಾತಾಡಬೇಕು. ಕಪ್ಪು ಜನಾಂಗ, ಲ್ಯಾಟಿನ್ ಅಮೆರಿಕ ಮೂಲ ಮುಂತಾದ ಸಮುದಾಯದವರನ್ನೂ ಪರಿಗಣಿಸಬೇಕು ಅಂತ 1999ರಲ್ಲಿ ಲೀಗ್ ನಿಯಮವನ್ನೇ ತಂದಿತ್ತು. ನನ್ನ ಪ್ರಕಾರ ನಿಯಮ ಇಲ್ಲದಿದ್ದರೂ ಹಾಗೆ ಮಾಡಬೇಕು, ಯಾಕೆಂದರೆ ಲೀಗ್‌ನ ನಾಲ್ಕು ಆಟಗಾರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಅಮೆರಿಕದ ಹೊರಗೆ ಹುಟ್ಟಿದವರು, ಅವರಲ್ಲಿ ತುಂಬಾ ಜನರ ಮನೆಮಾತು ಸ್ಪ್ಯಾನಿಷ್.

ಹಳೆಯ ಕ್ಯಾಚರ್‌ಗಳ ಮೇಲೆ ಒಂದು ಕಣ್ಣಿಡಿ. ಅವರು ಕ್ರಿಕೆಟ್‌ನ ವಿಕೆಟ್ ಕೀಪರ್ ಹಾಗೆ ಬ್ಯಾಟರ್ ಹಿಂದೆ, ಇಡೀ ಮೈದಾನವನ್ನು ಎದುರಿಗೆ ಇಟ್ಟುಕೊಂಡು ಕೂರುವವರು, ಪ್ರತಿ ಪಿಚರ್‌ನ ಮನಸ್ಸು ಬಲ್ಲವರು. ಸ್ಟೀಫನ್ ವೋಟ್ ಅಂತಹವರು. ಮೇಜರ್ ಲೀಗ್‌ಗೆ ಬಂದಾಗ ಲೆಕ್ಕಕ್ಕೆ ಬಂದ ಮೊದಲ 32 ಸರದಿಗಳಲ್ಲಿ ಅವರಿಗೆ ಒಂದೂ ಹಿಟ್ (ಚೆಂಡು ಬಾರಿಸಿ ಔಟಾಗದೆ ಬೇಸ್ ಮುಟ್ಟುವುದು) ಸಿಗಲಿಲ್ಲ. ಕೊನೆಗೆ 2013ರಲ್ಲಿ ಸಿಕ್ಕ ಮೊದಲ ಹಿಟ್ಟೇ ಹೋಮ್ ರನ್, ಕ್ರಿಕೆಟ್‌ನ ಸಿಕ್ಸರ್ ತರಹ! ಆಟ ಬಿಟ್ಟ ಮೇಲೆ ಸಿಯಾಟಲ್‌ನಲ್ಲಿ ಒಂದೇ ವರ್ಷ ಕೋಚ್ ಆಗಿದ್ದರು. ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ 39 ವರ್ಷದ ಅವರನ್ನು ಮ್ಯಾನೇಜರ್ ಮಾಡಿತು. 2024, 2025 ಎರಡೂ ವರ್ಷ ಅಮೆರಿಕನ್ ಲೀಗ್‌ನ ವರ್ಷದ ಮ್ಯಾನೇಜರ್ ಅವರೇ. ಆಟ ಕೈಕೊಟ್ಟ ಹುಡುಗನ ಹತ್ತಿರ ಕೂತು ಮಾತಾಡಲು 32 ಸಲ ಬರಿಗೈಯಲ್ಲಿ ವಾಪಸಾದವರಿಗಿಂತ ಯಾರು ಬೇಕು, ಅಲ್ವಾ?

ಸಂದರ್ಶನ

ನಿಮ್ಮ ಸಿದ್ಧಾಂತವೇನು ಅಂತ ಕೇಳಬೇಡಿ, ಚೆನ್ನಾಗಿ ಮಾತಾಡುವವರೆಲ್ಲ ಪಾಸಾಗುತ್ತಾರೆ. ನಡೆದ ಒಂದು ಪಂದ್ಯ ಎದುರಿಗಿಡಿ. ನಾನಾದರೆ 2020ರ ವರ್ಲ್ಡ್ ಸೀರೀಸ್‌ನ, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿಯ, 6ನೇ ಪಂದ್ಯ ಇಡುತ್ತೇನೆ.

ಟ್ಯಾಂಪಾ ಬೇ ರೇಸ್ ತಂಡ ಲಾಸ್ ಏಂಜಲೀಸ್ ಡಾಡ್ಜರ್ಸ್ ಎದುರು 1-0 ಮುಂದಿದೆ, ಸೋತರೆ ಕಪ್ ಹೋಯಿತು. ಪಿಚರ್ ಬ್ಲೇಕ್ ಸ್ನೆಲ್ ಎಸೆದದ್ದು ಬರೀ 73 ಚೆಂಡು, 9 ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ್ದಾರೆ. ಆರನೇ ಇನಿಂಗ್ಸ್‌ನಲ್ಲಿ ಎರಡನೇ ಹಿಟ್ ಬಿಟ್ಟುಕೊಟ್ಟ ಕೂಡಲೇ ಮ್ಯಾನೇಜರ್ ಕೆವಿನ್ ಕ್ಯಾಶ್ ನಡೆದು ಬಂದು ಚೆಂಡು ಇಸಿದುಕೊಂಡರು. ಮುಂದಿನ ಬ್ಯಾಟರ್ ಮೂಕಿ ಬೆಟ್ಸ್, ಅವತ್ತು ಸ್ನೆಲ್ ಎದುರು ಎರಡು ಸಲವೂ ಔಟಾದವರು. ಅದೇ ಬ್ಯಾಟರ್‌ಗಳು ಮೂರನೇ ಸಲ ಸ್ನೆಲ್‌ನನ್ನು ಎದುರಿಸುವುದು ಬೇಡ, ಅಷ್ಟರಲ್ಲಿ ಪಿಚರ್ ಎಸೆತ ಅವರಿಗೆ ರೂಢಿಯಾಗಿರುತ್ತದೆ ಅನ್ನುವುದು ಕ್ಯಾಶ್ ಲೆಕ್ಕ. ಹೊಸ ಪಿಚರ್ ಬಂದರು, ಬೆಟ್ಸ್ ಬಾರಿಸಿದರು, ಡಾಡ್ಜರ್ಸ್ 3-1ರಿಂದ ಗೆದ್ದು ಚಾಂಪಿಯನ್ ಆಯಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿ. ನನಗೆ ಇವತ್ತಿಗೂ ಸ್ನೆಲ್ ಇರಬೇಕಿತ್ತು ಅನ್ನಿಸುತ್ತದೆ. ಆದರೆ ರೇಸ್ ಅದಕ್ಕಾಗಿ ಕ್ಯಾಶ್ ಅವರನ್ನು ಕಳಿಸಲಿಲ್ಲ, ಮರು ವರ್ಷ ಅವರಿಗೆ ಮತ್ತೆ ವರ್ಷದ ಮ್ಯಾನೇಜರ್ ಪ್ರಶಸ್ತಿಯೂ ಬಂತು. ಆ ತಂಡ ಅಂಕಿಅಂಶ ನಂಬಿ ನಡೆಯುವ ತಂಡ, ಕ್ಯಾಶ್ ಅದರ ದಾರಿಯಲ್ಲೇ ಆಡಿಸಿದರು. ನಿಮ್ಮ ತಂಡದ ದಾರಿ ಯಾವುದು ಅಂತ ನಿಮಗೇ ಗೊತ್ತಿಲ್ಲದಿದ್ದರೆ ಬಂದವರ ಉತ್ತರವನ್ನು ತೂಗುವುದಾದರೂ ಹೇಗೆ?

ಇನ್ನೊಂದು ಪರೀಕ್ಷೆ. ಹತ್ತು ವರ್ಷದ ಅನುಭವಿ ಆಟಗಾರನಿಗೆ ಇವತ್ತು ನೀನು ಆಡುತ್ತಿಲ್ಲ ಅಂತ ಹೇಳಿಸಿ. ನೀವೇ ಆ ಆಟಗಾರನಾಗಿ ಎದುರು ಕೂತು, ಯಾಕೆ ಅಂತ ಎರಡು ಸಲ ಕೇಳಿ. ಸುತ್ತಿ ಬಳಸಿ ಮಾತಾಡುತ್ತಾರಾ, ನೇರವಾಗಿ ಹೇಳುತ್ತಾರಾ, ಗೊತ್ತಾಗಿಬಿಡುತ್ತದೆ.

ಹಿನ್ನೆಲೆ ವಿಚಾರಿಸಿ

ಇದನ್ನು ಅವಸರದಲ್ಲಿ ಮುಗಿಸಬೇಡಿ. ನ್ಯೂಯಾರ್ಕ್ ಮೆಟ್ಸ್ 2019ರ ನವೆಂಬರ್‌ನಲ್ಲಿ ಕಾರ್ಲೋಸ್ ಬೆಲ್ಟ್ರಾನ್ ಅವರನ್ನು ನೇಮಿಸಿತು. ಅವರು 2017ರಲ್ಲಿ ಆಡಿದ್ದ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಕ್ಯಾಮೆರಾದಿಂದ ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಮಾಡುವ ಸನ್ನೆ ಕದ್ದು, ಕಸದ ಡಬ್ಬಿ ಬಡಿದು ತನ್ನ ಬ್ಯಾಟರ್‌ಗೆ ಸುಳಿವು ಕೊಡುತ್ತಿತ್ತು. ಲೀಗ್‌ನ ತನಿಖಾ ವರದಿಯಲ್ಲಿ ಬೆಲ್ಟ್ರಾನ್ ಹೆಸರು ಬಂತು. 2020ರ ಜನವರಿಯಲ್ಲಿ ಒಂದೂ ಪಂದ್ಯ ನಡೆಸದೆ ಅವರು ಹುದ್ದೆ ಬಿಟ್ಟರು. ಆಸ್ಟ್ರೋಸ್ ತನ್ನ ಮ್ಯಾನೇಜರ್‌ನನ್ನು ತೆಗೆದು, ಎಲ್ಲರೂ ಗೌರವಿಸುವ 70 ವರ್ಷದ ಡಸ್ಟಿ ಬೇಕರ್ ಅವರನ್ನು ಕರೆತಂದಿತು. 2022ರಲ್ಲಿ ಅವರ ಕೈಯಲ್ಲೇ ಕಪ್ ಗೆದ್ದಿತು.

ಕೈ ಕುಲುಕುವ ಮೊದಲು

ಸಂಬಳ, ವರ್ಷ ಸರಿ, ಆದರೆ ಕೋಚ್‌ಗಳನ್ನು ಆರಿಸುವವರು ಯಾರು, ಆಡುವವರ ಪಟ್ಟಿಯಲ್ಲಿ ಕೊನೆಯ ಮಾತು ಯಾರದು ಅನ್ನುವುದನ್ನು ಈಗಲೇ ಬಾಯಿಬಿಟ್ಟು ಮಾತಾಡಿ. ಫೆಬ್ರವರಿ ಮಧ್ಯದಲ್ಲಿ ಪಿಚರ್‌ಗಳು, ಕ್ಯಾಚರ್‌ಗಳು ಫ್ಲಾರಿಡಾ ಅಥವಾ ಅರಿಜೋನಾದ ಕ್ಯಾಂಪಿಗೆ ಬಂದು ಸೇರುತ್ತಾರೆ. ಅಷ್ಟರೊಳಗೆ ನಿಮ್ಮ ಹೊಸ ಮ್ಯಾನೇಜರ್ ಪ್ರತಿಯೊಬ್ಬ ಆಟಗಾರನಿಗೂ ಒಂದು ಸಲ ತಾವೇ ಫೋನ್ ಮಾಡಿ ಮಾತಾಡಿರಲಿ.