ವಾಪಸ್ ಬಂದ ಚಷ್ಮಾದಿಂದ ಕಲಿಯೋಣ: ಆಪ್ಟಿಕಲ್ ಅಂಗಡಿಯಲ್ಲಿ ವಾರಕ್ಕೊಂದು ತಾಸಿನ ತರಬೇತಿ ಹೇಗೆ?

ಗದಗದಿಂದ ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ಹೊಸ ಪ್ರೊಗ್ರೆಸಿವ್ ಚಷ್ಮಾವನ್ನು (ಮೇಲೆ ದೂರದ, ಕೆಳಗೆ ಓದುವ ಪವರ್ ಇರುವಂಥದ್ದು) ಕೌಂಟರ್ ಮೇಲಿಟ್ಟರು. "ಮೆಟ್ಟಲ ಇಳಿಯಾಕ ಹೋದ್ರ ನೆಲಾ ತೇಲಿ ಬಂದಂಗ ಆಗತೈತಿ. ಇದನ್ನ ನೀವ ಹಾಕ್ಕೋರಿ" ಅಂದರು. ಹುಬ್ಬಳ್ಳಿಯ ನಮ್ಮ ಅಂಗಡಿಯಲ್ಲಿ ತರಬೇತಿ ಶುರುವಾಗಿದ್ದೇ ಆ ಚಷ್ಮಾದಿಂದ. ಲೆನ್ಸ್ ಕಂಪನಿಗಳು ಆಗಾಗ ಹೋಟೆಲ್‌ಗೆ ಕರೆದು ಸ್ಲೈಡ್ ತೋರಿಸುತ್ತವೆ. ಊಟ ಚೆನ್ನಾಗಿರುತ್ತದೆ. ಮಾಸ್ತರರ ಮೆಟ್ಟಿಲಿನ ವಿಷಯ ಮಾತ್ರ ಅಲ್ಲಿ ಬರುವುದಿಲ್ಲ.

ಮೊದಲು ಒಂದು ತಾಸು ಗೊತ್ತು ಮಾಡಿ. ಅಂಗಡಿ ತೆರೆಯುವ ಮುಂಚೆಯೇ ಒಳ್ಳೆಯದು. ಸಂಜೆ ಅಂದರೆ ಗಿರಾಕಿ ಬಂದೇ ಬರುತ್ತಾರೆ, ಪಾಠ ಅಲ್ಲಿಗೆ ಮುಗಿಯಿತು. ಗಿರಮಿಟ್ ತರಿಸಿದರೆ ಯಾರೂ ತಪ್ಪಿಸುವುದಿಲ್ಲ. ತಿಂದ ಕೈಯಲ್ಲಿ ಲೆನ್ಸ್ ಮುಟ್ಟಬಾರದು, ಅಷ್ಟೇ.

ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್. ವಾಪಸ್ ಬಂದ ಪ್ರತಿ ಚಷ್ಮಾವನ್ನೂ ಅದರಲ್ಲಿ ಬರೆಯಿರಿ: ತಾರೀಖು, ನಂಬರ್, ಫ್ರೇಮ್, ಗಿರಾಕಿ ಹೇಳಿದ ದೂರು. ದೂರನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಬೇಕು. "ಅಡ್ಜಸ್ಟ್ ಆಗಿಲ್ಲ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. "ನೆಲಾ ತೇಲಿ ಬಂದಂಗ" ಎಂದು ಬರೆದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ. ತಪ್ಪು ಮಾಡಿದವರ ಹೆಸರು ಬರೆಯಬೇಡಿ. ಬರೆದರೆ ಮರುವಾರದಿಂದ ನೋಟ್‌ಬುಕ್ ಖಾಲಿ.

ವಾರಕ್ಕೊಂದು ದೂರು ಸಾಕು. ಆದರೆ ಅದನ್ನು ಪೂರ್ತಿ ಬಿಚ್ಚಿ ನೋಡಿ. ಮಾಸ್ತರರ ಚಷ್ಮಾವನ್ನು ನಾವು ನೋಡಿದ್ದು ಹೀಗೆ. ಪ್ರೊಗ್ರೆಸಿವ್ ಲೆನ್ಸ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೆತ್ತಿದ ಎರಡು ಗುರುತುಗಳಿರುತ್ತವೆ, ನಡುವೆ 34 ಮಿಲಿಮೀಟರ್ ದೂರ. ಬಾಯಿಂದ 'ಹಾ' ಎಂದು ಉಸಿರು ಬಿಟ್ಟು, ಟ್ಯೂಬ್‌ಲೈಟ್ ಕಡೆ ಓರೆಯಾಗಿ ಹಿಡಿಯಿರಿ. ಆವಿ ಆರುವಾಗ ಗುರುತು ಒಂದು ಕ್ಷಣ ಕಾಣುತ್ತದೆ. ತಕ್ಷಣ ಮಾರ್ಕರ್‌ನಿಂದ ಚುಕ್ಕೆ ಇಡಿ. ಕಂಪನಿ ಕೊಟ್ಟ ಚಾರ್ಟ್ ಮೇಲೆ ಆ ಚುಕ್ಕೆಗಳನ್ನು ಕೂಡಿಸಿ, ಫಿಟಿಂಗ್ ಕ್ರಾಸ್ ಬರೆದು, ಗಿರಾಕಿಗೆ ಹಾಕಿಸಿ ನೋಡಿ. ಕ್ರಾಸ್ ಕಣ್ಣಿನ ಪಾಪೆಯ ನಡುವೆ ಬರಬೇಕು. ಮಾಸ್ತರರದ್ದು ಮೂರು ಮಿಲಿಮೀಟರ್ ಮೇಲಿತ್ತು. ಹಾಗಾಗಿ ನೇರ ನೋಡಿದಾಗಲೇ ಓದುವ ಪವರ್ ಅಡ್ಡ ಬರುತ್ತಿತ್ತು, ಅವರು ಗದ್ದ ತಗ್ಗಿಸಿ ನಡೆಯುತ್ತಿದ್ದರು.

ಅಳತೆ ತಪ್ಪಿತ್ತೇ? ಇಲ್ಲ, ಫ್ರೇಮಿನ ಕೆಳ ಅಂಚಿನಿಂದ ಪಾಪೆಯ ಎತ್ತರ 22 ಮಿಲಿಮೀಟರ್ ಅಂತ ಸರಿಯಾಗೇ ಬರೆದಿದ್ದೆವು. ಆದರೆ ಅಳೆಯುವಾಗ ಫ್ರೇಮ್ ಮೂಗಿನ ಮೇಲೆ ಜಾರಿ ಕೂತಿತ್ತು. ಚಷ್ಮಾ ಕೊಡುವ ದಿನ ನಮ್ಮ ಹುಡುಗ ಪಾಪ ಶ್ರದ್ಧೆಯಿಂದ ನೋಸ್‌ಪ್ಯಾಡ್ ಬಿಗಿ ಮಾಡಿದ. ಫ್ರೇಮ್ ಮೇಲೇರಿತು, ಕ್ರಾಸ್ ಕೂಡ ಮೇಲೇರಿತು. ಅಂದಿನಿಂದ ನಮ್ಮಲ್ಲಿ ಫ್ರೇಮ್ ಸರಿಯಾಗಿ ಕೂಡಿಸಿದ ಮೇಲೆಯೇ ಪೆನ್ನು ಮುಟ್ಟುವುದು. ಅಳೆಯುವವರು ಗಿರಾಕಿಯ ಕಣ್ಣಿನ ಮಟ್ಟಕ್ಕೇ ಕೂರಬೇಕು. ನಿಂತು ಬಗ್ಗಿ ಅಳೆದರೆ ಎತ್ತರ ತಪ್ಪುತ್ತದೆ.

ಮುಂದಿನದು ಕೈಪಳಗುವ ಕೆಲಸ. ಒಂದೇ ಲೆನ್ಸ್ ಅನ್ನು ಎಲ್ಲರೂ ಲೆನ್ಸೋಮೀಟರ್‌ನಲ್ಲಿ (ಲೆನ್ಸಿನ ಪವರ್ ಅಳೆಯುವ ಯಂತ್ರ) ಓದಿ, ಚೀಟಿಯಲ್ಲಿ ಬರೆದು ಮಡಚಿಡಲಿ. ಆಮೇಲೆ ಚೀಟಿ ಬಿಚ್ಚಿ. ಮೊದಲ ವಾರ ನಗು ತಡೆಯೋಕಾಗಲ್ಲ. ಆಕ್ಸಿಸ್, ಅಂದರೆ ಸಿಲಿಂಡರ್ ಪವರ್ ಕೂತ ಕೋನ, ಎಲ್ಲರದ್ದೂ ಒಂದೊಂದು ಕಡೆ! ಎಷ್ಟು ತಪ್ಪಿದರೆ ಪರವಾಗಿಲ್ಲ ಎನ್ನುವುದು ಸಿಲಿಂಡರ್ (ಒಂದೇ ದಿಕ್ಕಿಗೆ ಕೊಡುವ ಪವರ್) ಎಷ್ಟಿದೆ ಎನ್ನುವುದರ ಮೇಲೆ ನಿಂತಿದೆ. ಅಮೆರಿಕದ ಆನ್ಸಿ ಮಾನದಂಡದಲ್ಲಿ 0.50 ಸಿಲಿಂಡರ್‌ಗೆ 7 ಡಿಗ್ರಿ ರಿಯಾಯಿತಿ ಇದೆ. 1.50 ದಾಟಿದರೆ 2 ಡಿಗ್ರಿ ಮಾತ್ರ. ಪಿಡಿ, ಅಂದರೆ ಎರಡು ಪಾಪೆಗಳ ನಡುವಿನ ದೂರ, ಅದೂ ಹಾಗೆಯೇ, ಪವರ್ ಮೇಲೆ ನಿಂತಿದೆ. ಪಿಡಿ ಎಷ್ಟು ತಪ್ಪಿದೆ ಎಂಬುದನ್ನು ಸೆಂಟಿಮೀಟರ್‌ನಲ್ಲಿ ಬರೆದು ಪವರ್‌ನಿಂದ ಗುಣಿಸಿದರೆ ಎಷ್ಟು ಪ್ರಿಸಂ (ಬೆಳಕು ಪಕ್ಕಕ್ಕೆ ಬಾಗುವ ಪ್ರಮಾಣ) ಹುಟ್ಟಿತು ಗೊತ್ತಾಗುತ್ತದೆ. ಎರಡೂ ಕಣ್ಣಿಗೆ ಮೈನಸ್ 1 ಇದ್ದವರಿಗೆ ಪಿಡಿ 5 ಮಿಲಿಮೀಟರ್ ತಪ್ಪಿದರೆ ಅರ್ಧ ಪ್ರಿಸಂ, ಬಹಳ ಮಂದಿಗೆ ಗೊತ್ತೂ ಆಗುವುದಿಲ್ಲ. ಮೈನಸ್ 6 ಇದ್ದವರಿಗೆ ಅದೇ ತಪ್ಪು 3 ಪ್ರಿಸಂ. ತಲೆನೋವು ಗ್ಯಾರಂಟಿ.

ತಿಂಗಳಿಗೊಮ್ಮೆ ಗಿರಾಕಿಯ ಉದ್ಯೋಗದ ಪಾಠ ಇಡಿ. ಬೆಟಗೇರಿಯ ನೇಕಾರರು ಪುಸ್ತಕ ಹಿಡಿದ ದೂರದಲ್ಲಿ ಕೆಲಸ ಮಾಡುವುದಿಲ್ಲ. ಮಗ್ಗದ ಮುಂದೆ ಕೂತಂತೆ ಅವರನ್ನು ಕೂಡಿಸಿ, ಕಣ್ಣಿನಿಂದ ಕೈವರೆಗೆ ಟೇಪ್ ಹಿಡಿಯಿರಿ. 1 ಅನ್ನು ಆ ದೂರದಿಂದ, ಮೀಟರ್ ಲೆಕ್ಕದಲ್ಲಿ, ಭಾಗಿಸಿದರೆ ಆ ದೂರಕ್ಕೆ ಬೇಕಾದ ಪವರ್ ಸಿಗುತ್ತದೆ. 40 ಸೆಂಟಿಮೀಟರ್‌ಗೆ 2.50, 50ಕ್ಕೆ 2.00. ಇದು ಹತ್ತಿರದ್ದನ್ನು ನೋಡುವ ಶಕ್ತಿ ಪೂರ್ತಿ ಕಡಿಮೆಯಾದ ಹಿರಿಯರ ಲೆಕ್ಕ. ನಂಬರ್ ಬದಲಿಸುವುದು ಕಣ್ಣು ಪರೀಕ್ಷಿಸಿದವರ ಕೆಲಸ. ಅವರಿಗೆ ಈ ಅಳತೆ ಮುಟ್ಟಿಸುವುದು ನಮ್ಮದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವರಿಗೆ ಘಾಟು, ಧೂಳು ತಡೆಯುವ ಮುಚ್ಚಿದ ಫ್ರೇಮ್ ಬೇಕಾದೀತು. ಅದನ್ನೂ ಕೇಳಿ ತಿಳಿಯಬೇಕಲ್ವಾ?

ಫೋನ್ ಎತ್ತುವವರನ್ನು ತರಬೇತಿಯಿಂದ ಬಿಡಬೇಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಲಿಯಬೇಕಾದವರು ಅವರೇ. ಕಣ್ಣಲ್ಲಿ ಮಿಂಚು ಹೊಡೆದಂತೆ ಆಗ್ತಿದೆ, ಕಪ್ಪು ಚುಕ್ಕೆ ಒಮ್ಮೆಲೇ ಜಾಸ್ತಿ ಆಗಿವೆ, ಒಂದು ಕಡೆ ಪರದೆ ಬಿದ್ದಂತಿದೆ ಎಂದರೆ ರೆಟಿನಾ ಕಳಚುತ್ತಿರಬಹುದು. "ನಾಳೆ ಬನ್ನಿ, ನಂಬರ್ ಚೆಕ್ ಮಾಡೋಣ" ಎನ್ನುವಂತಿಲ್ಲ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕು. ಸುಣ್ಣ ಸಿಡಿದಿದೆ ಎಂದರೆ ಮೊದಲು ಶುದ್ಧ ನೀರಿನಲ್ಲಿ ಕಣ್ಣು ತೊಳೆಯುತ್ತಲೇ ಇರಲು ಹೇಳಿ, ಆಮೇಲೆ ಆಸ್ಪತ್ರೆ. ಶುಗರ್ ಏರಿಳಿದರೆ ನಂಬರ್ ಕೂಡ ಏರಿಳಿಯುತ್ತದೆ, ಹತೋಟಿಗೆ ಬರುವ ತನಕ ಹೊಸ ಚಷ್ಮಾ ಮಾಡಿಸುವುದು ದುಡ್ಡು ದಂಡ. ಅಜ್ಜಿಗೆ ಚಷ್ಮಾ ಇಲ್ಲದೇ ಮತ್ತೆ ಸೂಜಿ ಪೋಣಿಸಲು ಬರುತ್ತಿದೆ ಎಂದು ಮೊಮ್ಮಗ ಖುಷಿಪಟ್ಟರೆ, ಮೋತಿಬಿಂದು ಬೆಳೆಯುತ್ತಿರುವುದರಿಂದಲೇ ಹತ್ತಿರದ್ದು ಕಾಣುತ್ತಿರಬಹುದು ಎಂದು ನೆನಪಾಗಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೋನ್ ಪಕ್ಕ ಅಂಟಿಸಿ.

ಆನ್‌ಲೈನ್ ಕೋರ್ಸ್‌ಗಳೂ ಇವೆ. ಆರ್ಬಿಸ್ ಸಂಸ್ಥೆಯ ಸೈಬರ್‌ಸೈಟ್ ಉಚಿತ, ಸರ್ಟಿಫಿಕೇಟ್ ಕೂಡ ಸಿಗುತ್ತದೆ. ಇಂಗ್ಲಿಷ್ ತೊಡಕಾದರೆ ಒಬ್ಬರು ನೋಡಿ ಉಳಿದವರಿಗೆ ಕನ್ನಡದಲ್ಲಿ ಹೇಳಲಿ; ಹೇಳುವವರೇ ಹೆಚ್ಚು ಕಲಿಯುತ್ತಾರೆ. ಸರ್ಟಿಫಿಕೇಟ್‌ಗಳನ್ನು ಫೈಲ್ ಮಾಡಿಡಿ. ಬ್ರಿಟನ್ನಿನಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್, ಚಷ್ಮಾ ಅಳೆದು ಕೊಡುವ ಡಿಸ್ಪೆನ್ಸಿಂಗ್ ಆಪ್ಟಿಷಿಯನ್ ಇಬ್ಬರೂ ಕಲಿಕೆ ಮುಂದುವರಿಸಿ ಮೂರು ವರ್ಷಕ್ಕೆ 36 ಅಂಕ ಗಳಿಸಬೇಕು. ನಮ್ಮಲ್ಲೂ ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರದ ಕಾಯ್ದೆಯ ಪಟ್ಟಿಯಲ್ಲಿ ಆಪ್ಟೋಮೆಟ್ರಿಸ್ಟ್ ಇದ್ದಾರೆ.

ಮೊದಲ ವಾರ ಯಾವ ಚಷ್ಮಾ ಅಂತ ಹುಡುಕಬೇಡಿ. ಸಿಬ್ಬಂದಿ ಹಾಕಿಕೊಂಡು ಬಂದಿದ್ದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಡಿ. ನಾವು ಹಾಗೆ ಮಾಡಿದಾಗ ಎಲ್ಲಕ್ಕಿಂತ ಕೆಟ್ಟದಿದ್ದದ್ದು ನನ್ನದೇ: ಕಡ್ಡಿ ಸೊಟ್ಟ, ಲೆನ್ಸ್ ತುಂಬ ಗೀರು, ಒಂದು ನೋಸ್‌ಪ್ಯಾಡ್ ಬಿದ್ದು ಎಷ್ಟು ದಿನವಾಗಿತ್ತೋ ಏನೋ.